ಗಂಟೆಗೊಂದು ಸೆಲ್ಫಿ

2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ ಮೂರು ವರ್ಷ ತುಂಬುವ ಮುನ್ನವೇ, 2020ರ ಮಾರ್ಚ್ ಅಂತ್ಯದಲ್ಲಿ, ಹೋಂ ಕ್ವಾರಂಟೈನಿನಲ್ಲಿದ್ದವರು ನಿದ್ರೆಯ ಹೊತ್ತನ್ನುಳಿದು ಗಂಟೆಗೊಮ್ಮೆ ಸೆಲ್ಫಿ ಕಳುಹಿಸತಕ್ಕದ್ದೆಂದು ಕರ್ನಾಟಕ ಸರ್ಕಾರವು ಆಜ್ಞಾಪಿಸಿತು. ಕೈಗೆ ಮುದ್ರೆ ಬೇರೆ. ಆಗ ಸರ್ಕಾರದ ಕೈಯಲ್ಲಿದ್ದ ಶಾಸನಗಳಲ್ಲೊಂದು, ಪ್ಲೇಗಿನ ಭೀತಿಯಿಂದ ಜನ್ಮ ತಳೆದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಅಧಿಕಾರಿಗೆ ಅಭಯವನ್ನಿತ್ತ ಅದು, ಪ್ರತ್ಯೇಕಿಸಲ್ಪಟ್ಟವನ ಹಕ್ಕನ್ನು ಕುರಿತು ಒಂದಕ್ಷರವನ್ನೂ ನುಡಿಯದು.

ಗುಳೆ ಹೋಗಿ ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಮರಳಿದ ಕೂಲಿಕಾರನದು ಒಂದೇ ಅಂಕಣದ ಮನೆ, ಕೈಯಲ್ಲಿ ಗುಂಡಿಯೊತ್ತುವ ಹಳೆಯ ಫೋನು. ಅವನು ಯಾವ ಸೆಲ್ಫಿಯನ್ನು ಕಳುಹಿಸಿಯಾನು?

ಸೋಂಕನ್ನು ತಡೆಯುವ ಅಧಿಕಾರವು ಪ್ರಭುತ್ವಕ್ಕೆ ಇರಲೇಬೇಕು. ಆದರೆ ದಿನಗೂಲಿಯ ನಷ್ಟವನ್ನು ತುಂಬಿಕೊಡದೆ, ಮೇಲ್ಮನವಿಗೆ ದಾರಿಯನ್ನಿಡದೆ ಕದವಿಕ್ಕಿಸುವುದು ಅನ್ಯಾಯವೇ ಸರಿ.