ಹೈಸ್ಕೂಲು ಮಕ್ಕಳೂ ಭೂಮಿಯ ತಾಪವೃದ್ಧಿಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಅನೇಕರು ಮುಂದೆ ತಮ್ಮ ಹಿರಿಯರ ಗದ್ದೆ ಹೊಲಗಳಿಗೆ ಒಡೆಯರಾಗತಕ್ಕವರು. ಯಾವ ತಳಿಯನ್ನು ಬಿತ್ತಬೇಕು, ನಾಲೆಯ ನೀರು ತಡವಾದರೆ ಏನು ಮಾಡಬೇಕು ಎಂಬುದನ್ನು ಅವರೇ ನಿಶ್ಚಯಿಸಬೇಕಾಗುವುದು. ಆದಕಾರಣ ಭೂಮಿಯ ತಾಪವೃದ್ಧಿಯ ವಿಷಯದಲ್ಲಿ ಈ ಮಕ್ಕಳ ತಿಳಿವಳಿಕೆ ಎಂತಹದೆಂಬುದು ಉಪಾಧ್ಯಾಯರೊಬ್ಬರಿಗೇ ಬಿಟ್ಟ ವಿಚಾರವಲ್ಲ. ಗ್ರಾಮದ ಯಜಮಾನರೂ ಇದನ್ನು ಗಮನಿಸುವುದು ಯುಕ್ತ.

ಓಜೋನ್ ಪದರದಲ್ಲಿ ರಂಧ್ರವಾಗಿ, ಅದರೊಳಗಿಂದ ಬಿಸಿಲು ಹೆಚ್ಚಾಗಿ ಬೀಳುವುದರಿಂದ ಭೂಮಿ ಕಾಯುತ್ತಿದೆ ಎಂಬುದು ನಾನಾ ದೇಶಗಳ ವಿದ್ಯಾರ್ಥಿಗಳಲ್ಲಿ ಪದೇ ಪದೇ ಕಂಡುಬಂದಿರುವ ತಪ್ಪು ಗ್ರಹಿಕೆ. ಓಜೋನ್ ತಡೆಯುವುದು ಸೂರ್ಯನ ನೇರಳಾತೀತ ಕಿರಣಗಳನ್ನು; ಆ ಪ್ರಕರಣವೇ ಬೇರೆ. ತಾಪವೃದ್ಧಿಗೆ ಮುಖ್ಯ ಕಾರಣ, ಕಲ್ಲಿದ್ದಲು, ಪೆಟ್ರೋಲು ಮೊದಲಾದುವನ್ನು ಸುಡುವುದರಿಂದ ಹುಟ್ಟುವ ಇಂಗಾಲಾಮ್ಲವಾಯು. ಮಕ್ಕಳ ಪುಸ್ತಕಗಳಲ್ಲಿ ಇದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ನೆಲದಿಂದ ಮೇಲಕ್ಕೆ ಹೊರಡುವ ಶಾಖವನ್ನು ಇದು ಹೀರಿ, ಒಂದು ಭಾಗವನ್ನು ಕೆಳಕ್ಕೆ ಹಿಂದಿರುಗಿಸುತ್ತದೆ. ಕೆಲವು ವಾಯುಗಳಿಗೆ ಶಾಖವನ್ನು ಹೀರುವ ಗುಣವುಂಟೆಂಬುದನ್ನು ಟಿಂಡಲ್ ಎಂಬ ವಿಜ್ಞಾನಿಯು 1859ರಲ್ಲಿಯೇ ಪ್ರಯೋಗದಿಂದ ತೋರಿಸಿದನು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲಾಮ್ಲವು ಈಗ 420ನ್ನು ಮೀರಿದೆ.

ಇದನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಮಾಗಿಯ ಕಾಲದಲ್ಲಿ ಆಕಾಶವು ನಿರ್ಮಲವಾಗಿದ್ದ ರಾತ್ರಿ ಚಳಿ ಕೊರೆಯುವುದನ್ನೂ, ಮೋಡ ಮುಚ್ಚಿದ ರಾತ್ರಿ ಸೆಕೆಯಾಗುವುದನ್ನೂ ಕಾಣದ ರೈತನಿಲ್ಲವಷ್ಟೆ. ನೆಲದ ಶಾಖವು ಮೇಲಕ್ಕೆ ಹೋಗದಂತೆ ಮೋಡವು ತಡೆಯುವುದೇ ಅದಕ್ಕೆ ಕಾರಣ. ಇಷ್ಟನ್ನು ತಂದೆಯು ಜಗಲಿಯಲ್ಲಿ ಕುಳಿತು ಮಗಳಿಗೆ ಹೇಳಿದರೆ, ಶಾಲೆಯ ಪಾಠವು ಅರ್ಧ ತಿಳಿದಂತಾಯಿತು.

ಕಾವೇರಿ ನಾಲೆಗಳ ಬಯಲಿನಲ್ಲಿ ಇನ್ನೊಂದು ನಿದರ್ಶನವುಂಟು. ಬಹುದಿನ ನೀರು ನಿಂತ ಭತ್ತದ ಗದ್ದೆಯ ಕೆಸರನ್ನು ತುಳಿದರೆ ಗುಳ್ಳೆಗಳು ಏಳುತ್ತವೆ. ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಉಂಟುಮಾಡುವ ಮೀಥೇನ್ ಅವುಗಳಲ್ಲಿರುತ್ತದೆ. ಅದೂ ಶಾಖವನ್ನು ಹಿಡಿಯುವ ವಾಯುವೇ. ನಡುನಡುವೆ ನೀರನ್ನು ಇಂಗಗೊಟ್ಟು ಮತ್ತೆ ಹಾಯಿಸಿದರೆ ಮೀಥೇನ್ ತಗ್ಗುವುದಲ್ಲದೆ ನೀರೂ ಉಳಿಯುವುದು. ನಾಲೆಯ ಕೊನೆಯ ಭಾಗದ ಜಮೀನುದಾರರಿಗೆ ಈ ಎರಡನೆಯ ಲಾಭವೇ ಹೆಚ್ಚು ರುಚಿಸೀತು.

ಮಳೆಯನ್ನೇ ನೆಚ್ಚಿ ರಾಗಿ ಬೆಳೆಯುವ ನಾಗಮಂಗಲದ ಕಡೆ ಬೇರೊಂದು ಎಚ್ಚರಿಕೆ ಅಗತ್ಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಒಂದು ವರ್ಷದ ಬರವು ತಾಪವೃದ್ಧಿಗೆ ಸಾಕ್ಷಿಯಲ್ಲ. ಒಂದು ವರ್ಷ ಕೆರೆ ಕೋಡಿ ಬಿದ್ದರೆ ಅದು ಸುಳ್ಳೆಂದೂ ಆಗುವುದಿಲ್ಲ. ಹವಾಗುಣವನ್ನು ಅಳೆಯುವುದು ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯಿಂದ.

ರಾಜ್ಯದಲ್ಲಿ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಸ್ಥಾಪಿಸಲಾಗಿದೆ. ಅದನ್ನು ಮಕ್ಕಳಿಗೆ ತೋರಿಸಿ, ಶಾಲೆಯ ಅಂಗಳದಲ್ಲಿಯೂ ಒಂದು ಸಾಧಾರಣ ಮಾಪಕವನ್ನಿರಿಸಿಕೊಟ್ಟರೆ ವೆಚ್ಚ ಅತ್ಯಲ್ಪ. ಪ್ರತಿದಿನ ಬೆಳಿಗ್ಗೆ 8-30 ಘಂಟೆಗೆ ಅಳತೆಯನ್ನು ಬರೆದಿಡತಕ್ಕದ್ದು. ಹತ್ತನೆಯ ತರಗತಿಯವರು ಶಾಲೆ ಬಿಡುವಾಗ ಆ ಪುಸ್ತಕವನ್ನು ಎಂಟನೆಯ ತರಗತಿಯವರ ಕೈಗೆ ಒಪ್ಪಿಸಿ ಹೋಗತಕ್ಕದ್ದು.