ಹುದುಗು ಚಹಾ

ರಾತ್ರಿ ಕಲಸಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಬರುತ್ತದೆ. ಹೆಪ್ಪು ಹಾಕಿದ ಹಾಲು ಮೊಸರಾಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನಡೆಸುವ ಈ ಕಾರ್ಯಕ್ಕೆ ಹುದುಗುವಿಕೆ ಎಂದು ಹೆಸರು. ಕನ್ನಡನಾಡಿನ ಅಡುಗೆಮನೆಗೆ ಇದು ಹೊಸದಲ್ಲ. ಆದರೆ ಚಹಾದ ಕಷಾಯವನ್ನೂ ಹೀಗೆ ಹುದುಗಿಸಿ ಕುಡಿಯಬಹುದೆಂಬುದು ಇತ್ತೀಚಿನವರೆಗೆ ಇಲ್ಲಿ ಹೆಚ್ಚು ಜನಕ್ಕೆ ತಿಳಿದಿರಲಿಲ್ಲ. ಕೊಂಬುಚಾ ಎಂಬ ಈ ಪಾನೀಯವು ಇಂದು ಬೆಂಗಳೂರಿನಂತಹ ನಗರಗಳಲ್ಲಿ ಬಣ್ಣಬಣ್ಣದ ಸೀಸೆಗಳಲ್ಲಿ ಮಾರಾಟಕ್ಕಿದೆ. ಒಂದು ಸೀಸೆಯನ್ನು ಸದಾ ತಣ್ಣಗಿಡಬೇಕು. ಇನ್ನೊಂದು ಅಂಗಡಿಯ ಕಪಾಟಿನಲ್ಲಿಯೇ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಎರಡರ ಮೇಲೂ ಒಂದೇ ಹೆಸರು. ಇವುಗಳಿಗಿರುವ ಅಂತರವೇನು?

ಕೊಂಬುಚಾದ ಹುಟ್ಟು ಪೂರ್ವ ಏಷ್ಯದಲ್ಲಾಯಿತೆಂಬುದು ಸಾಮಾನ್ಯ ನಂಬಿಕೆ. ಇಪ್ಪತ್ತನೆಯ ಶತಮಾನದಲ್ಲಿ ಅದು ರಷ್ಯದ ಮನೆಗಳಲ್ಲಿ ಬಳಕೆಯಲ್ಲಿತ್ತು. ಅಲ್ಲಿನವರು ಅದನ್ನು 'ಚಹಾ ಅಣಬೆ' ಎಂದು ಕರೆದರು. ಹೆಸರಿನಲ್ಲೊಂದು ವಿನೋದವೂ ಉಂಟು. ಜಪಾನಿನಲ್ಲಿ 'ಕೊಂಬುಚಾ' ಎಂದು ಕೇಳಿದವನಿಗೆ ದೊರೆಯುವುದು ಕೊಂಬು ಎಂಬ ಕಡಲಕಳೆಯಿಂದ ಮಾಡಿದ ಬೇರೊಂದು ಪಾನೀಯ. ಹುದುಗಿದ ಚಹಾಕ್ಕೆ ಅಲ್ಲಿ 'ಕೋಚಾ ಕಿನೊಕೊ', ಎಂದರೆ ಕಪ್ಪು ಚಹಾದ ಅಣಬೆ, ಎಂದು ಹೆಸರು. ಚಹಾ ಕಾರ್ಖಾನೆಗಳಲ್ಲಿ ಎಲೆ ಕಪ್ಪಾಗುವುದನ್ನೂ ಹುದುಗುವಿಕೆ ಎನ್ನುವ ರೂಢಿಯಿದೆ. ಆದರೆ ಅಲ್ಲಿ ನಡೆಯುವುದು ಎಲೆಯಲ್ಲಿಯೇ ಇರುವ ಕಿಣ್ವಗಳಿಂದಾಗುವ ಉತ್ಕರ್ಷಣ. ಕೊಂಬುಚಾದ ಕತೆ ಅದಾದ ಮೇಲೆ ಆರಂಭವಾಗುತ್ತದೆ.

ಚಹಾದ ಕಷಾಯಕ್ಕೆ ಲೀಟರೊಂದಕ್ಕೆ 50ರಿಂದ 100 ಗ್ರಾಂ ಸಕ್ಕರೆ ಬೆರೆಸಿ ತಣಿಸುತ್ತಾರೆ. ಹಿಂದಿನ ಸಲದ ಹುಳಿ ಚಹಾವನ್ನು ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಸೇರಿಸಿ, ಮೇಲೆ ಲೋಳೆಯಂತಹ ದಪ್ಪ ಪೊರೆಯನ್ನು ತೇಲಿಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಒಂದೆರಡು ವಾರ ಇಡುತ್ತಾರೆ. ಮೊಸರಿಗೆ ಹೆಪ್ಪು ಹೇಗೋ ಕೊಂಬುಚಾಕ್ಕೆ ಈ ಹುಳಿ ಚಹಾ ಮತ್ತು ಪೊರೆ ಹಾಗೆ. ಇವುಗಳಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಒಟ್ಟಾಗಿ ಒಕ್ಕಲು ಹೂಡಿರುತ್ತವೆ. ಯೀಸ್ಟ್ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಅವುಗಳಿಂದ ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತದೆ. ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ವಿನಿಗರಿನ ಹುಳಿಯೂ ಇದೇ ಆಮ್ಲದ್ದು. ತೇಲುವ ಪೊರೆಯನ್ನು ನೇಯುವವೂ ಬ್ಯಾಕ್ಟೀರಿಯಾಗಳೇ. ಅದು ಸೆಲ್ಯುಲೋಸ್, ಎಂದರೆ ಹತ್ತಿಯ ಎಳೆಯಲ್ಲಿರುವ ವಸ್ತುವೇ, ಎಂಬುದನ್ನು ಇಂಗ್ಲೆಂಡಿನ ಏಡ್ರಿಯನ್ ಜಾನ್ ಬ್ರೌನ್ ಎಂಬ ವಿಜ್ಞಾನಿ 1886ರಲ್ಲಿ ವಿನಿಗರಿನ ಪೊರೆಯನ್ನು ಪರೀಕ್ಷಿಸುವಾಗ ಕಂಡುಹಿಡಿದನು.

ಮನೆಯಲ್ಲಿ ಮಾಡಿ ಒಡನೆ ಕುಡಿಯುವವರಿಗೆ ಇಷ್ಟರಿಂದ ತೊಂದರೆಯಿಲ್ಲ. ತೊಡಕು ಹುಟ್ಟುವುದು ಸೀಸೆಗೆ ತುಂಬಿ ಮುಚ್ಚಳ ಬಿಗಿದಾಗ. ಆಗ ಗಾಳಿಯ ಸಂಪರ್ಕ ತಪ್ಪಿಹೋಗಿ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತವಾಗುತ್ತದೆ. ಯೀಸ್ಟಾದರೋ ಗಾಳಿಯಿಲ್ಲದೆಯೂ ದುಡಿಯಬಲ್ಲದು. ಉಳಿದ ಸಕ್ಕರೆಯನ್ನು ಅದು ಮದ್ಯಸಾರವಾಗಿಸುತ್ತಲೇ ಇರುತ್ತದೆ. ಅನಿಲದ ಒತ್ತಡ ಏರಿ ಸೀಸೆ ಸಿಡಿಯುವುದೂ ಉಂಟು. ಅಮೆರಿಕದ ಕಾನೂನಿನ ಪ್ರಕಾರ ಶೇಕಡಾ 0.5 ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರವುಳ್ಳ ಪಾನೀಯವು ಮದ್ಯದ ನಿಯಮಗಳಿಗೆ ಒಳಪಡುತ್ತದೆ. ಕೆಲವು ಸೀಸೆಗಳಲ್ಲಿ ಮದ್ಯಸಾರ ಈ ಮಿತಿಯನ್ನು ದಾಟಿದ ಸಂಶಯ ಬಂದುದರಿಂದ 2010ರಲ್ಲಿ ಅಲ್ಲಿನ ಅಂಗಡಿಗಳು ಕೊಂಬುಚಾವನ್ನು ಹಿಂತೆಗೆದುಕೊಂಡವು. ಕಾರ್ಖಾನೆಯ ಸಂಸ್ಕರಣೆಯಲ್ಲಿ ಬಹುಪಾಲು ಈ ತೊಡಕಿಗೆ ಕೊಟ್ಟ ಉತ್ತರವೇ ಆಗಿದೆ.

ಈ ಉತ್ತರಗಳು ಹಲವು ಬಗೆಯವು. ಸೀಸೆಯನ್ನು ತಣ್ಣಗಿಡುವುದು ಎಲ್ಲಕ್ಕಿಂತ ಸರಳವಾದುದು. ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ನಿಧಾನವಾಗುತ್ತವೆ. ಸೂಕ್ಷ್ಮವಾದ ಜರಡಿಯಲ್ಲಿ ಸೋಸಿದರೆ ಯೀಸ್ಟ್ ಕಡಿಮೆಯಾಗುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರನು 1860ರ ದಶಕದಲ್ಲಿ ದ್ರಾಕ್ಷಾರಸ ಕೆಡದಂತೆ ರೂಪಿಸಿದ ಮಿತ ಕಾವಿನ ವಿಧಾನವನ್ನು ಬಳಸಿದರೆ ಹುದುಗುವಿಕೆಯೇ ನಿಂತುಹೋಗುತ್ತದೆ. ಹೀಗೆ ಪಾಶ್ಚರೀಕರಿಸಿದ ಪಾನೀಯದಲ್ಲಿ ಆಮ್ಲಗಳೂ ಚಹಾದ ಕೆಫೀನೂ ಉಳಿಯುತ್ತವೆ. ಜೀವಂತ ಸೂಕ್ಷ್ಮಜೀವಿಗಳು ಮಾತ್ರ ಉಳಿಯುವುದಿಲ್ಲ. ಕೆಲವರು ಕಡಿಮೆ ಒತ್ತಡದಲ್ಲಿ ಬಟ್ಟಿಯಿಳಿಸಿ ಮದ್ಯಸಾರವನ್ನು ತೆಗೆಯುತ್ತಾರೆ. ಅದರೊಡನೆ ಪರಿಮಳವೂ ಸ್ವಲ್ಪ ಹೋಗುತ್ತದೆ. ಕಳೆದುಹೋದ ನೊರೆಯನ್ನು ತುಂಬಲು ಹೊರಗಿನಿಂದ ಅನಿಲ ಸೇರಿಸುವುದೂ, ಕಾಯಿಸಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳನ್ನು ಬೆರೆಸಿ 'ಜೀವಂತ' ಎಂದು ಮಾರುವುದೂ ಉಂಟು. ಇದರಲ್ಲಿ ಮೋಸವಿಲ್ಲದಿರಬಹುದು, ಆದರೆ ಆ ಜೀವಿಗಳು ಚಹಾವನ್ನು ಹುದುಗಿಸಿದವಲ್ಲ.

ಹಾಗಾದರೆ ಕಡಿಮೆ ಸಂಸ್ಕರಿಸಿದುದೇ ಮೇಲೆಂದು ಹೇಳಬಹುದೆ? ಹಾಗೆ ಹೇಳಲಾಗದು. ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಕಾಯಿಸದ ಕೊಂಬುಚಾ ತಕ್ಕುದಲ್ಲ. ಅಲ್ಪ ಪ್ರಮಾಣದಲ್ಲಾದರೂ ಮದ್ಯಸಾರವಿರುವುದರಿಂದ ಮಕ್ಕಳ ವಿಷಯದಲ್ಲಿಯೂ ಎಚ್ಚರ ಬೇಕು. ಅದು ರೋಗಗಳನ್ನು ಗುಣಪಡಿಸುತ್ತದೆಂಬ ಪ್ರಚಾರಕ್ಕೆ ಆಧಾರ ಬಹಳ ತೆಳುವಾದುದು. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಧುಮೇಹಿಗಳ ರಕ್ತದ ಗ್ಲೂಕೋಸ್ ಇಳಿದುದು ಕಂಡುಬಂದಿತು. ಆದರೆ ಅದರಲ್ಲಿದ್ದವರು ಹನ್ನೆರಡೇ ಮಂದಿ.

ಕೊಳ್ಳುವವನು ಮೊದಲು ನೋಡಬೇಕಾದುದು ಸೀಸೆಯ ಮುಂಭಾಗದ ಬಣ್ಣದ ಮಾತುಗಳನ್ನಲ್ಲ, ಹಿಂಭಾಗದ ಸಣ್ಣ ಅಕ್ಷರಗಳನ್ನು. ಅಲ್ಲಿ 100 ಮಿಲಿಲೀಟರಿಗೆ 6 ಗ್ರಾಂ ಸಕ್ಕರೆಯೆಂದಿದ್ದರೆ 250 ಮಿಲಿಲೀಟರಿನ ಸೀಸೆಯಲ್ಲಿ 15 ಗ್ರಾಂ, ಎಂದರೆ ಸುಮಾರು ನಾಲ್ಕು ಚಹಾ ಚಮಚೆ ಸಕ್ಕರೆ ಇದೆಯೆಂದಾಯಿತು. ಹುದುಗುವಾಗ ಸಕ್ಕರೆಯೆಲ್ಲ ತೀರಿಹೋಗುತ್ತದೆಂಬ ತಿಳಿವಳಿಕೆ ತಪ್ಪು. ಹುದುಗಿದ ಮೇಲೆ ಹಣ್ಣಿನ ರಸವನ್ನೋ ಸಕ್ಕರೆಯನ್ನೋ ಸೇರಿಸಿರುವುದೂ ಉಂಟು. ಪಾಶ್ಚರೀಕರಿಸಿದೆಯೆ, ತಣ್ಣಗಿಡಬೇಕೆ ಎಂಬುದನ್ನೂ ಓದಬೇಕು. ತಣ್ಣಗಿಡಬೇಕಾದ ಸೀಸೆ ಅಂಗಡಿಯ ಬಿಸಿಲಿನಲ್ಲಿ ನಿಂತಿದ್ದರೆ ಅದನ್ನು ಕೊಳ್ಳದಿರುವುದೇ ಲೇಸು. ಅದರೊಳಗಿನ ಯೀಸ್ಟ್ ಸುಮ್ಮನಿದ್ದಿರಲಾರದು. ಕಾಯಿಸದ ಕೊಂಬುಚಾದ ತಳದಲ್ಲಿ ಕಂದು ಬಣ್ಣದ ಗಸಿಯೋ ಮೇಲೆ ತೆಳುವಾದ ಪೊರೆಯೋ ಕಂಡರೆ ಅದು ಕೆಟ್ಟಿದೆಯೆಂದು ಅರ್ಥವಲ್ಲ. ಹಸಿರು ಅಥವಾ ಕಪ್ಪು ಬಣ್ಣದ ಬೂಷ್ಟು ಕಂಡರೆ ಮಾತ್ರ ಮೇಲಿನದನ್ನು ತೆಗೆದು ಉಳಿದುದನ್ನು ಕುಡಿಯುವಂತಿಲ್ಲ. ಇಡೀ ಸೀಸೆಯನ್ನು ಚೆಲ್ಲಬೇಕು.