ನೀಗಾತ: ನದಿ ಬಿಟ್ಟ ನೆಲದಲ್ಲಿ ನೆರೆಹೊರೆ

ಜಪಾನಿನ ಅತಿ ಉದ್ದದ ನದಿ ಶಿನಾನೊ. 367 ಕಿ.ಮೀ. ಹರಿದು ಅದು ಜಪಾನ್ ಸಮುದ್ರ ಸೇರುವಲ್ಲಿ ನೀಗಾತ ನಗರವಿದೆ. ರೈಲು ನಿಲ್ದಾಣದಿಂದ ಹೊರಟು ಪೇಟೆಯ ದೊಡ್ಡ ರಸ್ತೆಯಲ್ಲಿ ನೇರ ನಡೆದರೆ ಬಂದಾಯ್ ಸೇತುವೆ ಸಿಗುತ್ತದೆ. ಗ್ರಾನೈಟ್ ಹೊದಿಸಿದ, ಆರು ಕಮಾನುಗಳ ಈ ಕಾಂಕ್ರೀಟ್ ಸೇತುವೆಯನ್ನು ಕಟ್ಟಿದ್ದು 1929ರಲ್ಲಿ. ಉದ್ದ 306.9 ಮೀಟರ್. 1886ರಲ್ಲಿ ಇಲ್ಲಿ ಕಟ್ಟಿದ್ದ ಮೊದಲ ಮರದ ಸೇತುವೆ 782 ಮೀಟರ್ ಉದ್ದವಿತ್ತು.

ಈ ಎರಡು ಅಂಕಿಗಳ ನಡುವೆಯೇ ಊರಿನ ಕಥೆ ಅಡಗಿದೆ. ಪ್ರವಾಹದ ನೀರನ್ನು ಊರು ತಲುಪುವ ಮೊದಲೇ ಸಮುದ್ರಕ್ಕೆ ತಿರುಗಿಸುವ ಒಕೋಜು ಕಾಲುವೆಗೆ 1922ರಲ್ಲಿ ನೀರು ಬಿಟ್ಟರು. ಆಮೇಲೆ ಊರೊಳಗೆ ಅಷ್ಟು ಅಗಲದ ನದಿಪಾತ್ರ ಬೇಕಾಗಲಿಲ್ಲ. ಅಂಚನ್ನು ತುಂಬಿದರು, ರಸ್ತೆ ಎಳೆದರು, ಮನೆ ಕಟ್ಟಿದರು. ಇಂದು ಸೇತುವೆ ದಾಟಿದ ಮೇಲೆ ನಾವು ಹೆಜ್ಜೆಯಿಡುವ ನೆಲದಲ್ಲಿ ಒಂದಷ್ಟು ಭಾಗ ನೂರು ವರ್ಷದ ಹಿಂದೆ ಹೊಳೆಯಾಗಿತ್ತು.

ಎಡದಂಡೆಯ ಹುಲ್ಲುಹಾಸಿನ ಏರಿಯ ಮೇಲೆ ನದಿಯ ಹರಿವಿಗೆ ಎದುರಾಗಿ ನಡೆದೆ. ಸಂಜೆಯ ಓಟಕ್ಕೆ ಬಂದವರು, ನಾಯಿ ಅಡ್ಡಾಡಿಸುವವರು, ಸೈಕಲ್ಲಿನ ಶಾಲಾಮಕ್ಕಳು. ಯಾಚಿಯೊ ಸೇತುವೆ ಕಳೆದು ಮುಂದೆ ಬಂದರೆ ಶೋವಾ ಸೇತುವೆ. 1964ರ ಜೂನ್ 16ರಂದು ಮಧ್ಯಾಹ್ನ 1 ಗಂಟೆ ದಾಟುತ್ತಿದ್ದಂತೆ 7.5 ತೀವ್ರತೆಯ ಭೂಕಂಪವಾಯಿತು. ಆಗ ಶೋವಾ ಸೇತುವೆ ಸಂಚಾರಕ್ಕೆ ತೆರೆದು ತಿಂಗಳ ಆಸುಪಾಸು. ಅದರ ಐದು ಅಂಕಣಗಳು ನೀರಿಗೆ ಬಿದ್ದವು. ಹಳೆಯ ಬಂದಾಯ್ ಸೇತುವೆ ಮಾತ್ರ ನಿಂತಿತು.

ಶೋವಾ ಸೇತುವೆಯಿಂದ ತುಸು ಮುಂದೆ ಕವಾಗಿಶಿ-ಚೊ ಬಡಾವಣೆ. ಭೂಕಂಪ ಎಂಜಿನಿಯರಿಂಗ್ ಓದಿದ ಪ್ರತಿಯೊಬ್ಬರೂ ಈ ಜಾಗದ ಚಿತ್ರ ನೋಡಿರುತ್ತಾರೆ. ಇಲ್ಲಿ ಸಾಲಾಗಿ ನಿಂತಿದ್ದ ಕಾಂಕ್ರೀಟ್ ವಸತಿ ಕಟ್ಟಡಗಳು ಒಂದೊಂದು ಕೋನಕ್ಕೆ ವಾಲಿದವು. ಒಂದಂತೂ ಬಹುಮಟ್ಟಿಗೆ ಮಲಗಿಯೇಬಿಟ್ಟಿತು. ಆದರೆ ಗೋಡೆ, ಕಂಬಗಳಿಗೆ ಹೆಚ್ಚಿನ ಪೆಟ್ಟಾಗಿರಲಿಲ್ಲ. ಕಟ್ಟಡ ಗಟ್ಟಿಯಾಗಿತ್ತು, ಕೈಕೊಟ್ಟಿದ್ದು ನೆಲ.

ಇಲ್ಲಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿದ್ದ ಕಂಪನಮಾಪಕ ಆ ಕ್ಷಣವನ್ನು ಬರೆದಿಟ್ಟಿತು. ಮೊದಲ ಕೆಲವು ಸೆಕೆಂಡು ಚುರುಕಾದ ಗೀರುಗಳು. ಆಮೇಲೆ ಇದ್ದಕ್ಕಿದ್ದಂತೆ ನಿಧಾನವಾದ, ಉದ್ದನೆಯ ಅಲೆಗಳು. ಗಟ್ಟಿ ನೆಲ ಮೆತ್ತಗಾದ ಗಳಿಗೆ ಅದು. ಸಡಿಲ ಮರಳಿನ ಕಣಗಳು ಒಂದಕ್ಕೊಂದು ಆತುಕೊಂಡು ಮೇಲಿನ ಭಾರ ಹೊರುತ್ತವೆ. ನಡುವಿನ ಸಂದುಗಳಲ್ಲಿ ನೀರು ತುಂಬಿದ್ದು ನೆಲ ನಡುಗಿದರೆ ಕಣಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ. ನೀರಿಗೆ ಹೊರಹೋಗಲು ಪುರುಸೊತ್ತಿಲ್ಲ. ಅದರ ಒತ್ತಡ ಏರಿ ಕಣಗಳ ಹಿಡಿತ ತಪ್ಪುತ್ತದೆ. ಇದೇ ಮಣ್ಣಿನ ದ್ರವೀಕರಣ. ಕಡಲತೀರದ ಹಸಿ ಮರಳನ್ನು ಪಾದದಿಂದ ಬಡಿಯುತ್ತಿದ್ದರೆ ನೀರು ಒಸರಿ ಕಾಲು ಹುದುಗುವ ಹಾಗೆ.

ಕವಾಗಿಶಿ-ಚೊದ ಚಿತ್ರಗಳಲ್ಲಿ ಕಾಣುವುದು ನಡುವೆ ಸಾಕಷ್ಟು ಜಾಗವಿದ್ದ ಕಟ್ಟಡಗಳು. ಮನೆಗಳು ಮೈಗೆ ಮೈ ತಾಗುವಂತೆ ನಿಂತಿದ್ದರೆ? ಅದನ್ನು ನೋಡಲು ಹಕುಸಾನ್ ನಿಲ್ದಾಣದಲ್ಲಿ ಎಚಿಗೊ ಮಾರ್ಗದ ರೈಲು ಹತ್ತಿ ನಗರದ ಪಶ್ಚಿಮದ ತೆರಾವೊಗೆ ಹೋದೆ. 2024ರ ಜನವರಿ 1ರ ನೋಟೊ ಭೂಕಂಪದ ಕೇಂದ್ರ ಇಲ್ಲಿಂದ ನೂರು ಕಿ.ಮೀ.ಗೂ ಹೆಚ್ಚು ದೂರ. ಆದರೂ ಮರಳುದಿಬ್ಬದ ಬುಡದ ಈ ಬೀದಿಗಳಲ್ಲಿ ಮರಳು, ನೀರು ಉಕ್ಕಿ ರಸ್ತೆ ಉಬ್ಬಿತು, ಮನೆಗಳು ವಾಲಿದವು. ದಿಬ್ಬದ ಬುಡದಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ; ಮೆತ್ತಗಾದ ಮಣ್ಣು ಇಳಿಜಾರಿನ ಕಡೆಗೆ ಜರುಗುತ್ತದೆ. ಎರಡು ಮನೆಗಳ ನಡುವೆ ಇಲ್ಲಿರುವುದು ಒಬ್ಬರು ನಡೆಯುವಷ್ಟು ಸಂದು.

ಆ ಸಂದಿನ ಅಡಿಯಲ್ಲಿ ಏನಾಗುತ್ತದೆಂದು ತಿಳಿಯಬೇಕು. ಮನೆಯ ಭಾರ ಅದರ ತಳಪಾಯದ ಕೆಳಗಷ್ಟೇ ನಿಲ್ಲುವುದಿಲ್ಲ. ಆಳಕ್ಕೆ ಹೋದಂತೆ ಅಕ್ಕಪಕ್ಕಕ್ಕೂ ಹರಡುತ್ತದೆ. ಎರಡು ಮನೆ ಹತ್ತಿರವಿದ್ದರೆ ನಡುವಿನ ಮಣ್ಣು ಎರಡರ ಭಾರವನ್ನೂ ಹೊರುತ್ತದೆ. ಮಣ್ಣು ಹಿಡಿತ ಬಿಟ್ಟಾಗ ಆ ಬದಿ ಹೆಚ್ಚು ಕುಸಿದು ಮನೆಗಳು ಒಂದರ ಕಡೆಗೊಂದು ವಾಲುತ್ತವೆ. ನಾಲ್ಕು ಮನೆ ಒಂದೆಡೆ ಗುಂಪಾಗಿದ್ದರೆ ನಾಲ್ಕೂ ನಡುಮಧ್ಯಕ್ಕೆ ಬಾಗುತ್ತವೆ. 2011ರ ಭೂಕಂಪದ ಬಳಿಕ ಟೋಕಿಯೊ ಪಕ್ಕದ ಉರಯಾಸುವಿನಲ್ಲಿ ಜಪಾನಿನ ತಜ್ಞರು ದಾಖಲಿಸಿದ್ದು ಇದನ್ನೇ. ಒಂದು ಕಟ್ಟಡ ಭಾರವಾಗಿ ಪಕ್ಕದ್ದು ಹಗುರವಾಗಿದ್ದರೆ ವಾಲುವ ಲೆಕ್ಕವೇ ಬೇರೆ.

ನೂರು ಸೆಂ.ಮೀ.ಗೆ ಒಂದು ಸೆಂ.ಮೀ. ವಾಲಿದ ಮನೆ ಹೊರಗಿನಿಂದ ನೋಡುವವರಿಗೆ ನೆಟ್ಟಗೇ ಕಾಣಬಹುದು. ಒಳಗಿರುವವರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಅದಕ್ಕೇ 2011ರಲ್ಲಿ ಜಪಾನ್ ಸರ್ಕಾರ ನಿಯಮ ಬದಲಿಸಿ ಅಷ್ಟು ವಾಲಿದ ಮನೆಯನ್ನೂ ಅರ್ಧ ಹಾನಿಯಾದದ್ದೆಂದು ಪರಿಗಣಿಸಿತು.

ಪರಿಹಾರವೂ ಒಬ್ಬರ ಕೈಯಲ್ಲಿಲ್ಲ. ಒಬ್ಬರು ತಮ್ಮ ಮನೆಯನ್ನು ಪೈಲ್‌ಗಳ ಮೇಲೆ ನಿಲ್ಲಿಸಿದರೂ ಎದುರಿನ ರಸ್ತೆ ಕುಸಿಯುತ್ತದೆ. ನೀರಿನ, ಗ್ಯಾಸಿನ, ಒಳಚರಂಡಿಯ ಪೈಪು ಮುರಿಯುತ್ತವೆ. ಅಂತರ್ಜಲ ಇಳಿಸುವುದಾಗಲಿ, ನೆಲದೊಳಗೆ ಚೌಕಚೌಕವಾಗಿ ಗಟ್ಟಿ ಗೋಡೆ ಕಟ್ಟಿ ಮರಳನ್ನು ಹಿಡಿದಿಡುವುದಾಗಲಿ ಇಡೀ ಬೀದಿಗೆ ಒಟ್ಟಿಗೆ ಆಗಬೇಕಾದ ಕೆಲಸ. ಅದಕ್ಕೆ ಎಲ್ಲ ಮನೆಯವರ ಒಪ್ಪಿಗೆ ಬೇಕು, ಎಲ್ಲರೂ ಹಣ ಹಾಕಬೇಕು. ಉರಯಾಸುವಿನಲ್ಲಿ ಇಂಥ ಗೋಡೆಯ ಯೋಜನೆ ಸಿದ್ಧವಾಗಿದ್ದರೂ ಹೆಚ್ಚಿನ ಬೀದಿಗಳಲ್ಲಿ ಅದು ಕೈಗೂಡಲಿಲ್ಲ. ನೀಗಾತದ ಮುಂದಿರುವುದೂ ಅದೇ ಸವಾಲು.

ಕಾಂಪೌಂಡು ಗೋಡೆ ನೆಲದ ಮೇಲಿನ ಗಡಿ; ಕೆಳಗಿನ ಮರಳಿಗೂ ನೀರಿಗೂ ಅದರ ಗೊಡವೆಯಿಲ್ಲ. ಭೂಕಂಪದ ಭಯವಿರುವ ಯಾವ ಊರಿನಲ್ಲೇ ಆಗಲಿ ಸೈಟು ಕೊಳ್ಳುವವರು ಕ್ರಯಪತ್ರದ ಜೊತೆಗೆ ಹಳೆಯ ನಕ್ಷೆಯನ್ನೂ ನೋಡಬೇಕು. ಅಲ್ಲಿ ಮೊದಲು ಹೊಳೆಯಿತ್ತೇ, ಕೆರೆಯಿತ್ತೇ, ತುಂಬಿದ್ದು ಯಾವ ಮಣ್ಣಿನಿಂದ, ಬಾವಿಯಲ್ಲಿ ನೀರು ಎಷ್ಟು ಆಳಕ್ಕೆ ಸಿಗುತ್ತದೆ ಎಂದು ವಿಚಾರಿಸಬೇಕು. ಮಣ್ಣು ಪರೀಕ್ಷೆ ಮಾಡಿಸುವಾಗ ಪಕ್ಕದ ಮನೆಯವರನ್ನೂ ಜೊತೆಗೆ ಕರೆಯಿರಿ. ನಿಮ್ಮಿಬ್ಬರ ಮನೆ ಹೊತ್ತಿರುವುದು ಒಂದೇ ನೆಲ.